ಮಗುವಿನ ಹೆಜ್ಜೆಗೆ ತಕ್ಕ ಹಾಗೆ

ಭಾನುವಾರದ ಎರಡನೇ ಆರಾಧನೆ – ಯೌವನಸ್ಥರಿಗೆ ಮತ್ತು ಯುವ ಕುಟುಂಬಗಳಿಗೆ ಸಂದೇಶ
ಗಾಂಧಿ ಗಂಜ್, ಬೀದರ್
ವಾಕ್ಯಭಾಗ: ಆದಿಕಾಂಡ 33:12-17, 1 ಸಮುವೇಲ 30:9-25

ಪಕ್ಕದಲ್ಲಿ ಕೂತಿರೋರಿಗೆ ಒಮ್ಮೆ ಕೈ ಕೊಟ್ಟು, "ಕರ್ತನು ನಿನ್ನನ್ನು ಹೊತ್ತಿದ್ದಾನೆ" ಅಂತ ಹೇಳಿ. ಹೇಳಿದ್ರಾ? ಹಿಂದೆ ಮಕ್ಕಳ ಕೋಣೆಯಲ್ಲಿ ಕೂತಿರೋ ತಾಯಂದಿರಿಗೆ ಯಾರೂ ಹೇಳಲಿಲ್ಲ, ನಾನು ಇಲ್ಲಿಂದಲೇ ಹೇಳ್ತೀನಿ. ಅಕ್ಕ, ತಂಗಿ, ಕರ್ತನು ನಿಮ್ಮನ್ನು ಹೊತ್ತಿದ್ದಾನೆ. ಸ್ಪೀಕರ್ ಒಳಗೆ ಕೇಳಿಸ್ತಾ ಇದೆಯಲ್ವಾ? ಇವತ್ತಿನ ಸಂದೇಶ ಮೊದಲು ನಿಮಗೆ, ಆಮೇಲೆ ಈ ಹಾಲ್‌ಗೆ.

ಹೋದ ಬುಧವಾರ ಕಾಟೇಜ್ ಪ್ರೇಯರ್ ಮುಗಿದ ಮೇಲೆ ನಮ್ಮ ಸಭೆಯ ಒಂದು ಯುವ ದಂಪತಿ ನನ್ನ ಹತ್ರ ಬಂದ್ರು. ಮಗುವಿಗೆ ಎಂಟು ತಿಂಗಳು. ಯೌವನಸ್ಥರೆಲ್ಲ ಸೇರಿ ಹೈದರಾಬಾದಿನ ವಂಡರ್‌ಲಾಕ್ಕೆ ಹೋಗೋ ಪ್ಲ್ಯಾನ್ ಮಾಡಿದ್ದಾರೆ, ನಿಮಗೆಲ್ಲ ಗೊತ್ತು. ಅವರ ಪ್ರಶ್ನೆ ಏನು? "ಪಾಸ್ಟರ್, ನಾವು ಮಗುನ ಕರ್ಕೊಂಡು ಹೋಗಬೇಕಾ, ಅಜ್ಜಿ ಹತ್ರ ಬಿಟ್ಟು ಹೋಗಬೇಕಾ, ಇಲ್ಲ ನಾವೇ ಮನೆಯಲ್ಲಿ ಉಳಿಬೇಕಾ?" ಕೇಳೋಕೆ ಸಣ್ಣ ಪ್ರಶ್ನೆ. ಹೋಗಿ ಅಂತನೋ ಬೇಡ ಅಂತನೋ ಅಲ್ಲೇ ಹೇಳಿ ಕಳಿಸಬಹುದಿತ್ತು. ಆದರೆ ಆ ಸಹೋದರಿ ಮುಖ ನೋಡಿದೆ. ಅವಳು ಕೇಳ್ತಾ ಇದ್ದದ್ದು ಪಾರ್ಕಿನ ವಿಷಯ ಮಾತ್ರ ಅಲ್ಲ. ಮಗು ಹುಟ್ಟಿದ ಮೇಲೆ ನಾನು ಹಿಂದೆ ಉಳಿದುಬಿಟ್ಟೆನಾ, ಎಲ್ಲರೂ ಮುಂದೆ ಹೋಗ್ತಿದ್ದಾರಲ್ಲಾ, ನನ್ನನ್ನು ಯಾರಾದ್ರೂ ಕಾಯ್ತಾರಾ? ಇದು ಅವಳ ಒಳಗಿದ್ದ ಪ್ರಶ್ನೆ.

ಅದಕ್ಕೆ ಭಾನುವಾರ ಉತ್ತರ ಕೊಡ್ತೀನಿ ಅಂದೆ. ಯಾಕಂದ್ರೆ ಆ ಪ್ರಶ್ನೆಗೆ ನಾನೇ ಒಂದು ಸಲ ತಪ್ಪು ಉತ್ತರ ಕೊಟ್ಟಿದ್ದೀನಿ. ನನ್ನ ಹೆಂಡತಿಯ ಅನುಮತಿ ತಗೊಂಡು ಇವತ್ತು ಅದನ್ನು ಹೇಳ್ತೀನಿ.

2017ರ ಮಾತು. ಹೈದರಾಬಾದಿನ ವಂಡರ್‌ಲಾ ಅದಕ್ಕೆ ಹಿಂದಿನ ವರ್ಷ, 2016ರಲ್ಲಿ, ರಾವಿರ್ಯಾಲದಲ್ಲಿ ಶುರುವಾಗಿತ್ತು. ಅದಕ್ಕೂ ಮೊದಲು ನಮ್ಮ ಬೀದರ್ ಹುಡುಗರು ವಂಡರ್‌ಲಾ ನೋಡಬೇಕಂದ್ರೆ ಬೆಂಗಳೂರು ದಾಟಿ ಬಿಡದಿಗೇ ಹೋಗಬೇಕಿತ್ತು, ಒಂದು ಇಡೀ ರಾತ್ರಿ ಪ್ರಯಾಣ. ಈಗ ಪಕ್ಕದಲ್ಲೇ ಬಂತಲ್ಲ ಅಂತ ನಮಗೆಲ್ಲ ಖುಷಿ. ಸಭೆಯ ಯೌವನಸ್ಥರು ಸೇರಿ ಒಂದು ಮಿನಿ ಬಸ್ ಮಾಡಿದ್ವಿ. ನಾನು ಆಗ ಯೂತ್ ಲೀಡರ್. ನಮ್ಮ ಮೊದಲ ಮಗಳಿಗೆ ಏಳು ತಿಂಗಳು.

ಬೆಳಿಗ್ಗೆ ನಾಲ್ಕೂವರೆಗೆ ಇದೇ ಗಂಜಿನಿಂದ ಹೊರಟ್ವಿ. ಹಮಾಲರು ಇನ್ನೂ ಬಂದಿರಲಿಲ್ಲ, ಅಡತಿ ಅಂಗಡಿಗಳ ಶೆಟರ್ ಎಲ್ಲ ಮುಚ್ಚಿದ್ವು. ಹೆಂಡತಿ ಹಿಂದಿನ ದಿನವೇ ಕೇಳಿದ್ದಳು, "ಇಷ್ಟು ಬೇಗ ಬೇಕಾ? ಏಳಕ್ಕೆ ಹೊರಟ್ರೆ ಆಗಲ್ವಾ, ಮಗುಗೆ ನಿದ್ದೆ ಆಗಿರುತ್ತೆ." ನಾನು ಏನಂದೆ? "ಎಲ್ಲರೂ ರೆಡಿ ಇದ್ದಾರೆ, ಒಂದು ಮಗುಗೋಸ್ಕರ ಇಪ್ಪತ್ತು ಜನ ಕಾಯೋಕಾಗುತ್ತಾ?" ಆ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೈಬಲ್ ತೆರೆದಾಗ ಬೇಕಾಗುತ್ತೆ.

ಜಹೀರಾಬಾದ್, ಸದಾಶಿವಪೇಟೆ, ಸಂಗಾರೆಡ್ಡಿ ದಾಟಿ, ಪಟಾನ್‌ಚೆರು ಹತ್ರ ರಿಂಗ್ ರೋಡ್ ಹತ್ತಿ, ಗೇಟ್ ತೆರೆಯೋ ಹೊತ್ತಿಗೆ ತಲುಪಿದ್ವಿ. ಅಲ್ಲಿ ಟಿಕೆಟ್ ವಯಸ್ಸು ನೋಡಿ ಕೊಡಲ್ಲ, ಎತ್ತರ ನೋಡಿ ಕೊಡ್ತಾರೆ. 85 ಸೆಂಟಿಮೀಟರ್‌ಗಿಂತ ಕಡಿಮೆ ಇದ್ರೆ ಟಿಕೆಟ್ ಇಲ್ಲ. ನಾನು ಹುಡುಗರಿಗೆ ಹೇಳಿದೆ, "ನೋಡ್ರಪ್ಪ, ಕೃಪೆಯಿಂದ ಒಳಗೆ ಹೋಗೋದು ಅಂದ್ರೆ ಇದೇ, ನನ್ನ ಮಗಳು ಫ್ರೀ!" ಎಲ್ಲರೂ ಹಲ್ಲೆಲೂಯಾ ಅಂದ್ರು. (ಸಭೆ ನಗುತ್ತದೆ)

ಒಳಗೆ ಹೋದ್ವಿ. ಪ್ರತಿ ರೈಡಿನ ಮುಂದೆ ಎತ್ತರದ ಗುರುತು ಇರುತ್ತೆ. ದೊಡ್ಡ ರೈಡುಗಳಿಗೆ 140 ಸೆಂಟಿಮೀಟರ್ ಇರಬೇಕು. ಏಳು ತಿಂಗಳ ಮಗು ಎಲ್ಲಿಗೆ ಹೋಗುತ್ತೆ? ನಾನು ಹೆಂಡತಿಗೆ ಒಂದು ನೆರಳು ತೋರಿಸಿ, "ಇಲ್ಲೇ ಕೂತಿರು, ಒಂದೇ ರೈಡ್, ಬಂದುಬಿಡ್ತೀನಿ" ಅಂದೆ. ಬಂದೆ. ಬಂದು ಇನ್ನೊಂದು ಸಲ ಅದನ್ನೇ ಹೇಳಿದೆ. ಆಮೇಲೆ ಬರೋದನ್ನೂ ಬಿಟ್ಟೆ. ಹುಡುಗರು ಬಂದು ತಮ್ಮ ಬ್ಯಾಗು, ಫೋನು, ಚಪ್ಪಲಿ ಎಲ್ಲ ಅವಳ ಹತ್ರ ಇಟ್ಟು ಹೋದ್ರು. ಅಕ್ಕ ಹೇಗೂ ಕೂತಿದ್ದಾಳಲ್ಲ! ಸಂಜೆ ನೋಡಿದ್ರೆ ಅವಳ ಸುತ್ತ ಹದಿನಾಲ್ಕು ಬ್ಯಾಗ್ ಇದ್ವು. ಮಧ್ಯದಲ್ಲಿ ಮಗು, ಮಗುವಿನ ಮೇಲೆ ದುಪಟ್ಟಾ.

ವಾಪಸ್ ಬರುವಾಗ ಜಹೀರಾಬಾದಿನಲ್ಲಿ ಚಹಾಕ್ಕೆ ನಿಲ್ಲಿಸಿದ್ವಿ. ಎಲ್ಲರೂ ಸಾಕ್ಷಿ ಹೇಳೋ ಹಾಗೆ ಒಬ್ಬೊಬ್ಬರೇ ತಮ್ಮ ರೈಡ್ ಕಥೆ ಹೇಳ್ತಾ ಇದ್ರು. ಯಾರೋ ಕೇಳಿದ್ರು, "ಅಕ್ಕ, ನಿಮಗೆ ಹೇಗನ್ನಿಸ್ತು?" ಅವಳು ಅಂದಳು, "ಚಪ್ಪಲಿ ಚೆನ್ನಾಗಿ ಕಾಯ್ದೆ." ಎಲ್ಲರೂ ನಕ್ಕರು. ನಾನೂ ನಕ್ಕೆ.

ಪ್ರಿಯರೇ, ನಾನೂ ನಕ್ಕೆ. ಇವತ್ತಿಗೂ ಅದೇ ನನ್ನನ್ನು ಚುಚ್ಚುತ್ತೆ. ಮನೆಗೆ ಬಂದು ಮಗುನ ಮಲಗಿಸಿದ ಮೇಲೆ ಅವಳು ಒಂದೇ ಮಾತು ಹೇಳಿದಳು. "ನನಗೆ ರೈಡ್ ಬೇಕಿರಲಿಲ್ಲ ರೀ. ನೀವು ಒಂದು ಸಲ ಬಂದು ನಮ್ಮ ಹತ್ರ ಸುಮ್ನೆ ಕೂತಿದ್ರೆ ಸಾಕಿತ್ತು."

ಈಗ ಬೈಬಲ್ ತೆರೆಯಿರಿ. ಆದಿಕಾಂಡ 33ನೇ ಅಧ್ಯಾಯ, 12ನೇ ವಚನದಿಂದ 17ರವರೆಗೆ. ಸಹೋದರಿ, ಓದಮ್ಮ. ನಿಧಾನವಾಗಿ ಓದು, ಅವಸರ ಇಲ್ಲ. (ವಾಕ್ಯಭಾಗ ಓದಲಾಯಿತು)

ಸ್ತೋತ್ರ. ಇಲ್ಲಿ ಏನಾಗ್ತಾ ಇದೆ? ಇಪ್ಪತ್ತು ವರ್ಷ ಆದ ಮೇಲೆ ಅಣ್ಣ ತಮ್ಮ ಭೇಟಿ ಆಗಿದ್ದಾರೆ. ಏಸಾವನ ಜೊತೆ 400 ಜನ ಗಂಡಸರು. ಯಾಕೋಬನ ಜೊತೆ ಯಾರು? ಹೆಂಡತಿಯರು, ದಾಸಿಯರು, ಮಕ್ಕಳು, ಹಾಲೂಡಿಸುವ ಕುರಿ, ಕರು ಇರೋ ಹಸು. ತಬ್ಬಿಕೊಂಡು ಅತ್ತದ್ದಾಯಿತು, ಕಾಣಿಕೆ ಕೊಟ್ಟದ್ದಾಯಿತು. ಆಗ ಏಸಾವ, ಬಾ ಹೋಗೋಣ, ನಾನು ನಿನ್ನ ಜೊತೆ ಬರ್ತೀನಿ ಅಂತಾನೆ. ಒಳ್ಳೇ ಮನಸ್ಸಿನಿಂದಲೇ ಹೇಳ್ತಾನೆ. ಆದರೆ ಅವನ ಸ್ಪೀಡ್ 400 ಗಂಡಸರ ಸ್ಪೀಡ್.

ಯಾಕೋಬ ಏನು ಉತ್ತರ ಕೊಡ್ತಾನೆ? ಸ್ವಾಮಿ, ಮಕ್ಕಳು ಎಳೆಯರು, ಹಾಲೂಡಿಸುವ ಪಶುಗಳಿವೆ, ಒಂದೇ ಒಂದು ದಿನ ಜೋರಾಗಿ ನಡೆಸಿದ್ರೂ ಸತ್ತು ಹೋಗ್ತಾವೆ. ನೀವು ಮುಂದೆ ಹೋಗಿ. ನಾನು ಈ ಮಕ್ಕಳಿಗೆ ಎಷ್ಟು ನಡೆಯೋಕಾಗುತ್ತೋ ಅಷ್ಟೇ ನಡೆಸಿಕೊಂಡು ಬರ್ತೀನಿ. ಇದು ಅವನ ಮಾತಿನ ಸಾರ.

ನಿಮ್ಮಲ್ಲಿ ಬೈಬಲ್ ಚೆನ್ನಾಗಿ ಓದೋರು ಇದ್ದೀರಿ. ನೀವು ಕೇಳ್ತೀರಿ, "ಪಾಸ್ಟರ್, ಸೇಯೀರಿಗೆ ಬರ್ತೀನಿ ಅಂತ ಹೇಳಿ ಯಾಕೋಬ ಸುಕ್ಕೋತಿಗೆ ಹೋಗಿಬಿಟ್ಟನಲ್ಲ, ಅದು ಮೋಸ ಅಲ್ವಾ?" ಒಳ್ಳೇ ಪ್ರಶ್ನೆ. ಅವನು ಆಮೇಲೆ ಸೇಯೀರಿಗೆ ಹೋದ ಅಂತ ವಾಕ್ಯದಲ್ಲಿ ಬರೆದಿಲ್ಲ. ಅಣ್ಣನ ಮೇಲೆ ಇನ್ನೂ ಭಯ ಇತ್ತೋ ಏನೋ. ಯಾಕೋಬನನ್ನು ಪೂರ್ತಿ ಪರಿಶುದ್ಧ ಅಂತ ತೋರಿಸೋಕೆ ನಾನು ಇಲ್ಲಿ ನಿಂತಿಲ್ಲ. ಆದರೆ ಮಕ್ಕಳ ಬಗ್ಗೆ ಅವನು ಹೇಳಿದ್ದು ನಿಜ. ಅದನ್ನು ಮಾಡಿಯೂ ತೋರಿಸಿದ. ಸುಕ್ಕೋತಿನಲ್ಲಿ ನಿಂತ, ಮನೆ ಕಟ್ಟಿಕೊಂಡ, ಪಶುಗಳಿಗೂ ನೆರಳು ಮಾಡಿದ.

ಇದರಿಂದ ಮೂರು ವಿಷಯ ಇವತ್ತು ಕರ್ತನು ನಮಗೆ ಕೊಡ್ತಾನೆ. ಬರ್ಕೊಳ್ಳೋರು ಬರ್ಕೊಳ್ಳಿ.

ಮೊದಲನೆಯದು: ಕುಟುಂಬದ ವೇಗವನ್ನು ಚಿಕ್ಕದು ತೀರ್ಮಾನಿಸುತ್ತೆ.

ಯಾಕೋಬ ಈ ಪಾಠ ಸುಲಭವಾಗಿ ಕಲಿಯಲಿಲ್ಲ. ಸ್ವಲ್ಪ ದಿನ ಹಿಂದೆಯೇ ಇದೇ ಮಕ್ಕಳನ್ನು ಒಂಟೆ ಮೇಲೆ ಹತ್ತಿಸಿ ಲಾಬಾನನಿಂದ ಓಡಿ ಬಂದಿದ್ದ. ಏಳು ದಿನದ ದಾರಿ ಲಾಬಾನ ಬೆನ್ನಟ್ಟಿಕೊಂಡು ಬಂದ. ಆಗ ಮಕ್ಕಳ ಹೆಜ್ಜೆ ಯಾರು ನೋಡಿದ್ರು? ಈಗ ಯಾಕೆ ಬದಲಾದ? 32ನೇ ಅಧ್ಯಾಯ ನೋಡಿ. ಹಿಂದಿನ ರಾತ್ರಿ ಯಬ್ಬೋಕ್ ಹೊಳೆ ಹತ್ರ ದೇವರು ಅವನ ತೊಡೆಯ ಕೀಲು ಮುಟ್ಟಿದ್ದಾನೆ. ಸೂರ್ಯ ಹುಟ್ಟುವಾಗ ಯಾಕೋಬ ಕುಂಟುತ್ತಾ ನಡೀತಾ ಇದ್ದಾನೆ. ಓಡುವವನನ್ನು ದೇವರು ಕುಂಟನನ್ನಾಗಿ ಮಾಡಿದ. ಕುಂಟುವವನಿಗೆ ಮಗುವಿನ ಜೊತೆ ನಡೆಯೋದು ಗೊತ್ತಾಯಿತು. ಆಮೆನ್?

ಸಹೋದರರೇ, ಮದುವೆ ಆದ ಮೇಲೂ ನಿಮ್ಮ ಬೈಕಿನ ಸ್ಪೀಡ್ ಬದಲಾಗಿಲ್ಲ ಅಂದ್ರೆ, ಮಗು ಹುಟ್ಟಿದ ಮೇಲೂ ನಿಮ್ಮ ಕ್ಯಾಲೆಂಡರ್ ಬದಲಾಗಿಲ್ಲ ಅಂದ್ರೆ, ಯಬ್ಬೋಕಿನ ರಾತ್ರಿ ನಿಮಗೆ ಇನ್ನೂ ಬಂದಿಲ್ಲ ಅಂತ ಅರ್ಥ. ಪ್ರಾರ್ಥನೆ ಜೋರಾಗಿ ಮಾಡ್ತೀವಿ, ಅನ್ಯಭಾಷೆಯಲ್ಲಿ ಮಾತಾಡ್ತೀವಿ, ಸ್ತೋತ್ರ. ಆದರೆ ಕರ್ತನು ಮುಟ್ಟಿದ ಗಂಡಸನ್ನು ಅವನ ನಡಿಗೆಯಲ್ಲಿ ಕಂಡುಹಿಡೀಬಹುದು.

ನಮ್ಮ ಔರಾದ್, ಭಾಲ್ಕಿ ಕಡೆಯ ಹಿರಿಯರನ್ನು ಕೇಳಿ. ದೇವಣಿ ಹಸು ಸಾಕಿದ ಕೈ ಅವು. ಹೊಲದಲ್ಲಿ ಹಸು ಕರು ಹಾಕಿದ್ರೆ, ಸಂಜೆ ಮನೆಗೆ ಹೇಗೆ ತರ್ತಾರೆ? ಹಸುನ ಹೊಡೆದು ಓಡಿಸಲ್ಲ. ಕರುನ ಹೆಗಲ ಮೇಲೆ ಹಾಕ್ಕೊಂಡು ಮುಂದೆ ನಡೀತಾರೆ, ಹಸು ಮೂಸಿಕೊಂಡು ತಾನೇ ಹಿಂದೆ ಬರುತ್ತೆ. ಕರು ಹೊತ್ತವನು ಓಡೋಕಾಗಲ್ಲ. ಓದು ಬರದ ಹಿರಿಯರಿಗೂ ಗೊತ್ತಿದ್ದ ವಿಷಯ ಡಿಗ್ರಿ ಮಾಡಿದ ನನಗೆ ಗೊತ್ತಾಗಲಿಲ್ಲ. "ಒಂದು ಮಗುಗೋಸ್ಕರ ಇಪ್ಪತ್ತು ಜನ ಕಾಯೋಕಾಗುತ್ತಾ?" ಅಂದೆನಲ್ಲ, ಯಾಕೋಬ ಇದ್ದಿದ್ರೆ ಏನು ಹೇಳ್ತಿದ್ದ? "400 ಜನ ಮುಂದೆ ಹೋಗಲಿ, ನಾನು ಮಗುನ ಜೊತೆ ಬರ್ತೀನಿ" ಅಂತಿದ್ದ.

ಪಾರ್ಕಿನವರು ಎತ್ತರದ ಗುರುತು ಇಟ್ಟಿರೋದನ್ನು ನೋಡಿ ನಾವು ಬೇಜಾರಾಗ್ತೀವಿ. ಅದು ಮಗುವಿಗೆ ಮಾಡೋ ಅವಮಾನ ಅಲ್ಲ. ಹುಟ್ಟಿದ ಮಗುವಿನ ತಲೆ ಅದರ ಇಡೀ ಉದ್ದದ ಸುಮಾರು ನಾಲ್ಕನೇ ಒಂದು ಭಾಗ ಇರುತ್ತೆ. ತಲೆ ದೊಡ್ಡದು, ಕತ್ತು ಎಳೆಯದು. ಒಂದು ಜೋರಾದ ಎಳೆತ ಆ ಕತ್ತು ತಡೆಯಲ್ಲ. ನಿನಗೆ ಇನ್ನೂ ಸಮಯ ಇದೆ ಅಂತ ಆ ಗುರುತು ಹೇಳುತ್ತೆ. ದೇವರ ರಾಜ್ಯದಲ್ಲೂ ಹಾಗೇ. ನಿನ್ನೆ ದೀಕ್ಷಾಸ್ನಾನ ಆದವನನ್ನು ಇವತ್ತು ಮೈಕ್ ಮುಂದೆ ನಿಲ್ಲಿಸಿ, ನಾಳೆ ಅವನು ಬಿದ್ದಾಗ ಅಳಬೇಡಿ. ಅವನ ಕತ್ತು ಇನ್ನೂ ಗಟ್ಟಿಯಾಗಿಲ್ಲ.

ಎರಡನೆಯದು: ಸಾಮಾನಿನ ಹತ್ರ ಕೂತವರಿಗೂ ಸಮಪಾಲು.

1 ಸಮುವೇಲ 30. ಕಥೆ ಗೊತ್ತಲ್ಲ? ದಾವೀದನೂ ಅವನ ಜನರೂ ಮೂರನೇ ದಿನ ಚಿಕ್ಲಗಿಗೆ ಬರ್ತಾರೆ, ಊರು ಸುಟ್ಟು ಹೋಗಿದೆ. ಅಮಾಲೇಕ್ಯರು ಹೆಂಡತಿ ಮಕ್ಕಳನ್ನೆಲ್ಲ ಹಿಡ್ಕೊಂಡು ಹೋಗಿದ್ದಾರೆ. ಅಳೋಕೆ ಶಕ್ತಿ ಇಲ್ಲದಷ್ಟು ಅತ್ತು, ಆಮೇಲೆ 600 ಜನ ಬೆನ್ನಟ್ಟಿ ಹೊರಡ್ತಾರೆ. ಬೆಸೋರ್ ಹಳ್ಳದ ಹತ್ರ 200 ಜನಕ್ಕೆ ಮುಂದೆ ಹೋಗೋಕಾಗಲ್ಲ. ಸುಸ್ತಾಗಿ ಅಲ್ಲೇ ಉಳೀತಾರೆ, ಸಾಮಾನು ಕಾಯ್ತಾರೆ. 400 ಜನ ಹೋಗಿ ಗೆದ್ದು, ಎಲ್ಲವನ್ನೂ ಬಿಡಿಸಿಕೊಂಡು ಬರ್ತಾರೆ.

ಆಗ ಕೆಲವರು ಏನಂತಾರೆ? ಇವರು ನಮ್ಮ ಜೊತೆ ಬರಲಿಲ್ಲ, ಇವರಿಗೆ ಪಾಲು ಯಾಕೆ, ಹೆಂಡತಿ ಮಕ್ಕಳನ್ನು ತಗೊಂಡು ಹೋಗಲಿ ಅಷ್ಟೇ. ಅಂಥವರನ್ನು ವಾಕ್ಯ ಕೆಟ್ಟವರು ಅಂತ ಕರೆಯುತ್ತೆ, ಗಮನಿಸಿ. ದಾವೀದ ಒಪ್ಪಲಿಲ್ಲ. ಯುದ್ಧಕ್ಕೆ ಹೋದವನಿಗೆ ಎಷ್ಟೋ, ಸಾಮಾನಿನ ಹತ್ರ ಕೂತವನಿಗೂ ಅಷ್ಟೇ ಅಂತ ತೀರ್ಪು ಕೊಟ್ಟ. ಅವತ್ತಿನಿಂದ ಅದು ಇಸ್ರಾಯೇಲಿನಲ್ಲಿ ಕಟ್ಟಳೆ ಆಯಿತು.

ನಾನು ಈ ಭಾಗ ಎಷ್ಟೋ ಸಲ ಓದಿದ್ದೆ. ಆ ಟ್ರಿಪ್ ಆದ ವಾರ ಓದುವಾಗ ಹದಿನಾಲ್ಕು ಬ್ಯಾಗ್ ಕಣ್ಣ ಮುಂದೆ ಬಂತು. ಸಾಮಾನಿನ ಹತ್ರ ಕೂತವಳು ನನ್ನ ಮನೆಯಲ್ಲೇ ಇದ್ದಾಳೆ. ನಾನು ದಾವೀದ ಆಗಲಿಲ್ಲ. ನಕ್ಕವರ ಜೊತೆ ಸೇರಿ ನಕ್ಕೆ.

ಈಗ ನಮ್ಮ ಸಭೆಯನ್ನು ನೋಡೋಣ. ಈ ಹಾಲ್ ಹಿಂದೆ ಒಂದು ಕೋಣೆ ಇದೆ. ಪ್ರತಿ ಭಾನುವಾರ ಅಲ್ಲಿ ಅದೇ ಆರೇಳು ತಾಯಂದಿರು. ಮಗು ಅಳುತ್ತೆ, ಹಾಡಿನ ಮಧ್ಯದಲ್ಲಿ ಎದ್ದು ಹೋಗ್ತಾರೆ. ಸಂದೇಶ ಅರ್ಧ ಕೇಳಿಸುತ್ತೆ. ಕರ್ತನ ಭೋಜನದ ತಟ್ಟೆ ಕೊನೆಗೆ ತಲುಪುತ್ತೆ. ಮದುವೆಗೆ ಮುಂಚೆ ಇದೇ ಸಹೋದರಿಯರು ವರ್ಷಿಪ್ ಟೀಮಿನಲ್ಲಿ ಇದ್ರು, ಉಪವಾಸ ಪ್ರಾರ್ಥನೆ ನಡೆಸ್ತಾ ಇದ್ರು. ಈಗ ನಾವು ಏನಂತೀವಿ? "ಸಿಸ್ಟರ್, ಮೊದಲಿನ ಬೆಂಕಿ ಕಾಣ್ತಾ ಇಲ್ಲವಲ್ಲ?" ಅಯ್ಯೋ! ರಾತ್ರಿ ಎರಡಕ್ಕೂ ನಾಲ್ಕಕ್ಕೂ ಎದ್ದು ಮಗುವಿಗೆ ಹಾಲೂಡಿಸುವವಳಿಗೆ ಆಲ್ ನೈಟ್ ಪ್ರೇಯರ್‌ಗೆ ಯಾಕೆ ಬರಲಿಲ್ಲ ಅಂತ ಕೇಳೋ ನಾವು ಎಂಥ ಜನ? ಅವಳದು ದಿನಾ ಆಲ್ ನೈಟ್.

ಕರ್ತನು ನಿಮ್ಮ ಲೆಕ್ಕ ಇಟ್ಟಿದ್ದಾನೆ ತಾಯಿ. ಈ ಮುಂದಿನ ಸಾಲಿನಲ್ಲಿ ಕೈ ಎತ್ತಿ ಆರಾಧಿಸಿದವರ ಮೇಲೆ ಯಾವ ಅಭಿಷೇಕ ಇಳೀತೋ, ಹಿಂದೆ ಮಗುನ ತೊಡೆ ಮೇಲೆ ಮಲಗಿಸಿಕೊಂಡವಳ ಮೇಲೂ ಅದೇ ಇಳಿಯುತ್ತೆ. ಸಮಪಾಲು. ಯಾರೂ ಅದನ್ನು ಕಡಿಮೆ ಮಾಡೋಕಾಗಲ್ಲ.

ಲೋಕದವರು ಕೂಡ ಈ ಮಾತನ್ನು ಸ್ವಲ್ಪ ಅರ್ಥ ಮಾಡ್ಕೊಂಡಿದ್ದಾರೆ. ಅಮೆರಿಕದಲ್ಲಿ 1955ರಲ್ಲಿ ಡಿಸ್ನಿಲ್ಯಾಂಡ್ ಶುರು ಮಾಡಿದ ವಾಲ್ಟ್ ಡಿಸ್ನಿ ತಾನೇ ಹೇಳಿಕೊಂಡ ಸಂಗತಿ ಇದೆ. ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿನಲ್ಲಿ ತನ್ನ ಹೆಣ್ಣುಮಕ್ಕಳು ತಿರುಗುವ ಕುದುರೆ ಮೇಲೆ ಕೂತಾಗ ಅವನು ಬೆಂಚಿನ ಮೇಲೆ ಕಡಲೆಕಾಯಿ ತಿಂತಾ ಕೂತಿರ್ತಿದ್ದ. ತಂದೆ ತಾಯಿಯೂ ಮಕ್ಕಳೂ ಒಟ್ಟಿಗೆ ಸಂತೋಷಪಡೋ ಜಾಗ ಒಂದು ಇರಬೇಕಲ್ವಾ ಅಂತ ಅವನಿಗೆ ಅಲ್ಲಿ ಅನ್ನಿಸ್ತು. ಅಷ್ಟು ದೊಡ್ಡ ಪಾರ್ಕಿನ ಯೋಚನೆ ಬೆಂಚಿನ ಮೇಲೆ ಕಾಯ್ತಾ ಕೂತ ಒಬ್ಬ ಅಪ್ಪನಿಗೆ ಬಂತು. ಇವತ್ತು ಅವರ ಪಾರ್ಕುಗಳಲ್ಲಿ ಒಂದು ಪದ್ಧತಿ ಇದೆ. ಒಬ್ಬರು ರೈಡಿಗೆ ಹೋಗ್ತಾರೆ, ಇನ್ನೊಬ್ಬರು ಮಗುನ ಹಿಡ್ಕೊಂಡು ಕಾಯ್ತಾರೆ. ಮೊದಲನೆಯವರು ಬಂದ ಮೇಲೆ ಕಾಯ್ತಾ ಇದ್ದವರು ಮತ್ತೆ ಪೂರ್ತಿ ಸಾಲಿನಲ್ಲಿ ನಿಲ್ಲಬೇಕಿಲ್ಲ, ನೇರ ಹೋಗಬಹುದು. ಕಾದ ಸಮಯವೂ ಸಾಲಿನಲ್ಲಿ ನಿಂತ ಹಾಗೇ ಲೆಕ್ಕ. ದಾವೀದನ ಕಟ್ಟಳೆ ಪಾರ್ಕಿನವರಿಗೆ ಗೊತ್ತು, ಸಭೆಗೆ ಗೊತ್ತಿಲ್ಲ ಅಂದ್ರೆ ನಾಚಿಕೆ ಅಲ್ವಾ?

ಮೂರನೆಯದು: ನಮ್ಮ ದೇವರೇ ಮಗುವಿನ ಹೆಜ್ಜೆಗೆ ನಡೆಯುವವನು.

ಇದು ಮುಖ್ಯ. ಇದಿಲ್ಲದೆ ಮೇಲಿನ ಎರಡೂ ಬರೀ ಫ್ಯಾಮಿಲಿ ಟಿಪ್ಸ್ ಆಗಿಬಿಡುತ್ತೆ. ಧರ್ಮೋಪದೇಶಕಾಂಡ 1:31 ಮನೆಯಲ್ಲಿ ಓದಿ. ಅರಣ್ಯದ ದಾರಿಯುದ್ದಕ್ಕೂ ದೇವರು ಇಸ್ರಾಯೇಲನ್ನು ತಂದೆ ಮಗನನ್ನು ಹೊರುವ ಹಾಗೆ ಹೊತ್ತ ಅಂತ ಮೋಶೆ ನೆನಪಿಸ್ತಾನೆ. ಹೋಶೇಯ 11ರಲ್ಲಿ ದೇವರು ಕೈ ಹಿಡಿದು ನಡೆದಾಡೋಕೆ ಕಲಿಸಿದ ತಂದೆ. ಯೆಶಾಯ 40:11ರಲ್ಲಿ ಮರಿಗಳನ್ನು ಎದೆಗಪ್ಪಿಕೊಂಡು, ಹಾಲೂಡಿಸುವ ಕುರಿಗಳನ್ನು ಮೆಲ್ಲಗೆ ನಡೆಸುವ ಕುರುಬ. ಯಾಕೋಬ ಏಸಾವನಿಗೆ ಹೇಳಿದ ಮಾತೇ ಅದು. ಈಗ ಅದನ್ನು ಮಾಡ್ತಾ ಇರೋನು ಸರ್ವಶಕ್ತನು. ಆತನಿಗೆ ಒಂದು ಕ್ಷಣದಲ್ಲಿ ತಲುಪೋಕಾಗಲ್ವಾ? ಆಗುತ್ತೆ. ಆದರೂ ನಿಧಾನ ನಡೀತಾನೆ, ಯಾಕಂದ್ರೆ ನೀನು ಜೊತೆಯಲ್ಲಿದ್ದೀಯ.

ಮಾರ್ಕ 10ರಲ್ಲಿ ಯೇಸು ಎಲ್ಲಿಗೆ ಹೋಗ್ತಾ ಇದ್ದ? ಯೆರೂಸಲೇಮಿಗೆ, ಶಿಲುಬೆಗೆ. ಅದಕ್ಕಿಂತ ದೊಡ್ಡ ಕೆಲಸ ಯಾರಿಗಾದ್ರೂ ಇತ್ತಾ? ಆ ದಾರಿಯಲ್ಲಿ ಜನರು ಮಕ್ಕಳನ್ನು ತಂದಾಗ ಶಿಷ್ಯರು ಗದರಿಸ್ತಾರೆ. ಶಿಷ್ಯರಿಗೆ ಟೈಮ್ ಇಲ್ಲ. ಯೇಸುವಿಗೆ ಕೋಪ ಬಂತು. ಆತನು ನಿಂತ, ಮಕ್ಕಳನ್ನು ಎತ್ತಿಕೊಂಡ, ಕೈಯಿಟ್ಟು ಆಶೀರ್ವದಿಸಿದ. ಶಿಲುಬೆಗೆ ಹೋಗುವಾತನಿಗೆ ಮಗುನ ಎತ್ತಿಕೊಳ್ಳೋಕೆ ಸಮಯ ಇತ್ತು. ನಮಗೆ ಇಲ್ಲವಾ? ಇನ್ನೂ ಹಿಂದೆ ಹೋಗಿ. ಪರಲೋಕ ಬಿಟ್ಟು ಬಂದವನು ನೇರ ಮೂವತ್ತು ವರ್ಷದವನಾಗಿ ಇಳಿಯಲಿಲ್ಲ. ಕತ್ತು ನಿಲ್ಲದ ಮಗುವಾಗಿ ಮರಿಯಳ ತೋಳಿಗೆ ಬಂದ. ಹೊತ್ತುಕೊಳ್ಳುವಾತನು ತಾನೇ ಹೊರಿಸಿಕೊಂಡ. ಹಲ್ಲೆಲೂಯಾ!

ಇಲ್ಲಿ ಮಗುವಿಗಾಗಿ ವರ್ಷಗಳಿಂದ ಕಾಯ್ತಾ ಇರೋರು ಇದ್ದೀರಿ. ಮಗುನ ಕಳಕೊಂಡವರೂ ಇದ್ದೀರಿ. ಮಕ್ಕಳ ವಿಷಯ ಸಂದೇಶದಲ್ಲಿ ಬಂದಾಗ ನಿಮ್ಮ ಕಣ್ಣು ಕೆಳಗೆ ಹೋಗೋದು ನನಗೆ ಗೊತ್ತು. ನಿಮಗೆ ಇವತ್ತು ದೊಡ್ಡ ವಾಗ್ದಾನ ಕೂಗಿ ಹೇಳಿ ಕಳಿಸಲ್ಲ. ಇಷ್ಟೇ ಹೇಳ್ತೀನಿ: ಈ ಸಂದೇಶದಲ್ಲಿ ನೀವೇ ಆ ಮಗು. ಕರ್ತನು ನಿಮ್ಮ ಹೆಜ್ಜೆಗೆ ತಕ್ಕ ಹಾಗೆ ನಡೀತಾ ಇದ್ದಾನೆ. ನೀವು ನಿಂತ ಕಡೆ ಆತನೂ ನಿಂತಿದ್ದಾನೆ.

ಕಥೆಯ ಉಳಿದ ಭಾಗ ಹೇಳಿ ಮುಗಿಸ್ತೀನಿ. 2022ರ ಡಿಸೆಂಬರ್. ನಮ್ಮ ಎರಡನೇ ಮಗುವಿಗೆ ಒಂಬತ್ತು ತಿಂಗಳು. ನಾನೇ ಹೆಂಡತಿಗೆ ಹೇಳಿದೆ, "ಮತ್ತೆ ಹೋಗೋಣ, ಈ ಸಲ ನಿನ್ನ ಟ್ರಿಪ್." ನಾವು ನಾಲ್ಕೇ ಜನ. ಮಗುವಿನ ನಿದ್ದೆ ಮುಗಿದ ಮೇಲೆ ಹೊರಟ್ವಿ. ದಾರಿಯಲ್ಲಿ ಮೂರು ಸಲ ನಿಲ್ಲಿಸಿದ್ವಿ. ಒಳಗೆ ಹೋಗಿ ನೆರಳಿನ ಬೆಂಚಿನ ಮೇಲೆ ನಾನು ಕೂತೆ. ಬ್ಯಾಗೆಲ್ಲ ನನ್ನ ಹತ್ರ. ಚಪ್ಪಲಿನೂ. (ನಗು) ಅವಳೂ ದೊಡ್ಡ ಮಗಳೂ ಹೋದ್ರು.

ಆ ಬೆಂಚಿನ ಮೇಲೆ ಕೂತಾಗ ಒಂದು ವಿಷಯ ನೋಡಿದೆ. ಮಗುವಿಗೆ ತಾನು ಯಾವ ರೈಡಿಗೂ ಹೋಗಿಲ್ಲ ಅನ್ನೋದೇ ಗೊತ್ತಿಲ್ಲ. ಒಂದು ನಲ್ಲಿಯಿಂದ ತೊಟ್ಟು ತೊಟ್ಟಾಗಿ ನೀರು ಬೀಳ್ತಾ ಇತ್ತು. ಅದನ್ನು ನೋಡಿ ಹತ್ತು ನಿಮಿಷ ನಗ್ತಾ ಇದ್ದ. ಒಂದು ತೊಟ್ಟು ಬಿದ್ರೆ ನಗು, ಇನ್ನೊಂದು ಬಿದ್ರೆ ನಗು. ಟಿಕೆಟ್ ದುಡ್ಡು ಕೊಟ್ಟವನು ನಾನು, ಸಂತೋಷಪಟ್ಟವನು ಅವನು. ಕರ್ತನೇ, ನನಗೂ ಈ ಕಣ್ಣು ಕೊಡು ಅಂತ ಅಲ್ಲೇ ಪ್ರಾರ್ಥನೆ ಮಾಡಿದೆ.

ಆಮೇಲೆ ದೊಡ್ಡವಳು ನನ್ನ ಪಕ್ಕ ಬಂದು ಕೂತಳು, ಹೆಂಡತಿ ಒಬ್ಬಳೇ ರಿಕಾಯಿಲ್ ಅನ್ನೋ ಆ ಉಲ್ಟಾ ತಿರುಗೋ ರೈಲಿಗೆ ಹೋದಳು. ಇಳಿದು ಬಂದಾಗ ಕೂದಲೆಲ್ಲ ಕೆದರಿ, ಗಂಟಲು ಬಿದ್ದು, ಕಾಲೇಜು ಹುಡುಗಿ ಥರ ನಗ್ತಾ ಇದ್ದಳು. ಆ ಮುಖ ನಾನು ಐದು ವರ್ಷ ನೋಡಿರಲಿಲ್ಲ. ಆ ಮುಖ ಎಲ್ಲೂ ಹೋಗಿರಲಿಲ್ಲ ಪ್ರಿಯರೇ. ನಾನೇ ಅದಕ್ಕೆ ಸರದಿ ಕೊಟ್ಟಿರಲಿಲ್ಲ. ಮೂರು ಗಂಟೆಗೆ ಹೊರಟುಬಂದ್ವಿ. ನಾನು ಎರಡೇ ರೈಡ್ ಹತ್ತಿದ್ದು. ಪೂರ್ತಿ ಪಾಲು ಸಿಕ್ಕಿತು.

ಈಗ ಬುಧವಾರದ ಪ್ರಶ್ನೆಗೆ ಉತ್ತರ. ಹೋಗಿ, ಮಗುನ ಕರ್ಕೊಂಡೇ ಹೋಗಿ. ಆದರೆ ಟ್ರಿಪ್ ಮಗುವಿನ ಹೆಜ್ಜೆಗೆ ನಡೀಲಿ. ಬೇಸಿಗೆಯಲ್ಲಿ ಬೇಡ, ಎಳೆ ಮೈ ನಮಗಿಂತ ಬೇಗ ಕಾಯುತ್ತೆ. ಚಳಿಗಾಲ ಬರಲಿ. ಟೋಪಿ, ಹತ್ತಿ ಬಟ್ಟೆ, ಬದಲಿ ಬಟ್ಟೆ ಇರಲಿ. ಆರು ತಿಂಗಳೊಳಗಿನ ಮಗುವಿಗೆ ನೀರೂ ಬೇಡ, ತಾಯಿ ಹಾಲೇ ಸಾಕು. ಸೆಕೆ ಇದ್ದಾಗ ಹೆಚ್ಚು ಸಲ ಕೊಡಿ. ಜೋರು ಸೌಂಡ್ ಬಾಕ್ಸ್ ಪಕ್ಕ ಕೂರಬೇಡಿ. ಯಾರು ಯಾವಾಗ ಮಗುನ ಹಿಡೀತಾರೆ ಅಂತ ಮನೆಯಲ್ಲೇ ಮಾತಾಡಿಕೊಂಡು ಹೋಗಿ. ಮಗು ಸಾಕು ಅಂದಾಗ ಟಿಕೆಟ್ ದುಡ್ಡಿನ ಲೆಕ್ಕ ಹಾಕದೆ ಎದ್ದುಬಿಡಿ. ಯೌವನಸ್ಥರೇ, ನಿಮಗೂ ಒಂದು ಮಾತು. ಬಸ್ ನಾಲ್ಕೂವರೆಗೆ ಬೇಡ, ಏಳಕ್ಕೆ ಹೊರಡಲಿ. ಅಕ್ಕನ ಹತ್ರ ಬ್ಯಾಗ್ ಇಡಬೇಡಿ, ಲಾಕರ್ ಇರುತ್ತೆ. ನಿಮ್ಮಲ್ಲಿ ಇಬ್ಬರು ಹೋಗಿ, "ಅಕ್ಕ, ಅಣ್ಣ, ನೀವಿಬ್ಬರೂ ಒಟ್ಟಿಗೆ ಒಂದು ರೈಡ್ ಹೋಗಿಬನ್ನಿ, ನಾವು ಇವನನ್ನು ನೋಡ್ಕೋತೀವಿ" ಅನ್ನಿ. ಅದು ಒಂದು ಸೇವೆ.

ಇನ್ನೊಂದು ವಿಷಯ ಇವತ್ತೇ ಶುರು ಮಾಡೋಣ. ಬಾಗಿಲ ಹತ್ರ ಟೇಬಲ್ ಮೇಲೆ ಒಂದು ಹಾಳೆ ಇಟ್ಟಿದ್ದೀವಿ. ಬರೋ ಭಾನುವಾರದಿಂದ ಹಿಂದಿನ ಕೋಣೆಯಲ್ಲಿ ಗಂಡಸರು ಸರದಿ ಪ್ರಕಾರ ಕೂರ್ತೀವಿ, ತಾಯಂದಿರು ಹಾಲ್‌ಗೆ ಬಂದು ಕೈ ಎತ್ತಿ ಆರಾಧಿಸಲಿ. ಮೊದಲ ಹೆಸರು ನನ್ನದು, ಬರೆದಾಗಿದೆ. ಬರೋ ಭಾನುವಾರ ಸಂದೇಶ ಬೇರೆಯವರು ಕೊಡ್ತಾರೆ, ನಾನು ಸ್ಪೀಕರಿನಲ್ಲಿ ಕೇಳ್ತೀನಿ. ಅರ್ಧ ಕೇಳಿಸಿದ್ರೆ ಅರ್ಧ. ಪಾಲು ಪೂರ್ತಿ ಸಿಗುತ್ತೆ ಅಂತ ನಂಬ್ತೀನಿ.

ಕಣ್ಣು ಮುಚ್ಚೋಣ. ವರ್ಷಿಪ್ ಟೀಮ್, ಮೆಲ್ಲಗೆ ನುಡಿಸಿ. ಡ್ರಮ್ ಬೇಡ, ಒಳಗೆ ಮಕ್ಕಳು ಮಲಗಿದ್ದಾರೆ.

"ನಾನು ನನ್ನವರನ್ನು ಜೋರಾಗಿ ಓಡಿಸಿದ್ದೀನಿ" ಅನ್ನೋರು ಕುಳಿತಲ್ಲೇ ಕೈ ಎದೆಗಿಡಿ. "ನಾನು ಹಿಂದೆ ಉಳಿದುಬಿಟ್ಟೆ" ಅನ್ನೋರು ಕೈ ಚಾಚಿ. ಮುಂದೆ ಬರಬೇಕಿಲ್ಲ, ಕರ್ತನೇ ನೀವಿದ್ದಲ್ಲಿಗೆ ಬರ್ತಾನೆ.

ತಂದೆಯೇ, ನಿಮಗೆ ಸ್ತೋತ್ರ. ನಮ್ಮನ್ನು ಓಡಿಸದೆ ನಡೆಸಿದ್ದೀರಿ, ನಡೆಯೋಕಾಗದಾಗ ಹೊತ್ತಿದ್ದೀರಿ. ಹೆಂಡತಿಯರ ಹತ್ರ ನಮ್ಮ ಭಾರವೆಲ್ಲ ಇಟ್ಟು ಹೋದ ಗಂಡಂದಿರಾದ ನಮ್ಮನ್ನು ಕ್ಷಮಿಸಿರಿ. ನಮ್ಮ ತೊಡೆಯ ಕೀಲು ಮುಟ್ಟಿರಿ, ನಮ್ಮ ಅವಸರ ಮುರಿಯಿರಿ. ಹಿಂದಿನ ಕೋಣೆಯಲ್ಲಿರುವ ಪ್ರತಿಯೊಬ್ಬ ತಾಯಿಯ ಮೇಲೆ ಈಗಲೇ ನಿಮ್ಮ ಆತ್ಮನನ್ನು ಸುರಿಸಿರಿ, ಆಕೆಯ ಪಾಲು ಆಕೆಗೆ ಸಿಗಲಿ. ಮಗುವಿಗಾಗಿ ಅಳುವವರ ಪಕ್ಕ ಕುಳಿತುಕೊಳ್ಳಿರಿ. ಈ ಸಭೆಯಲ್ಲಿ ಅತಿ ಚಿಕ್ಕವನು ಯಾರೋ, ಅವನ ಹೆಜ್ಜೆಗೆ ತಕ್ಕ ಹಾಗೆ ನಾವೆಲ್ಲರೂ ನಡೆಯುವಂತೆ ಮಾಡಿರಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್, ಆಮೆನ್.

ಹೊರಗೆ ಚಹಾ ಇದೆ. ಮೊದಲ ಲೋಟ ಹಿಂದಿನ ಕೋಣೆಗೆ ಹೋಗಲಿ.